ಭಾನುವಾರಕ್ಕೆ ಮೊದಲು ಒಂದು ಪುಟ

ಗೆಳೆಯರೇ, ಭಾನುವಾರ ಬೆಳಿಗ್ಗೆ 7ಕ್ಕೆ ತುಮಕೂರು ಹತ್ತಿರದ ನಾಮದ ಚಿಲುಮೆ ಬಳಿ ಸೇರೋಣ. ಆರು ತಿಂಗಳ ಗುರಿ ಬರೆದು ತನ್ನಿ ಅಂದಿದ್ದೆ. ಅದು ಈಗ ಬೇಡ. ಮೊದಲು ಕನಸು ಬರೆಯಿರಿ.

ಹೋದ ವರ್ಷ ನಾನು ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೆ: ಬೆಂಗಳೂರಲ್ಲಿ ಕೆಲಸ, ಒಳ್ಳೆ ಸಂಬಳ. ಎರಡೂ ಸಿಕ್ಕವು. ತುಮಕೂರಿನಿಂದ ದಿನಾ ಸುಮಾರು 70 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್. ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ದಿಂಬಿನ ಪಕ್ಕ ಹೋಂವರ್ಕ್ ಪುಸ್ತಕ ತೆರೆದೇ ಇರುತ್ತಿತ್ತು, ಮಧ್ಯದಲ್ಲಿ ಪೆನ್ಸಿಲ್. ಒಂದು ರಾತ್ರಿ ಅದನ್ನು ಮುಚ್ಚಿಡುವಾಗ ಗೊತ್ತಾಯಿತು, ನನಗೆ ಬೇಕಿದ್ದದ್ದು ಸಂಜೆ ಮನೆಯಲ್ಲಿರುವ ಬದುಕು. ಅದನ್ನು ಡೈರಿಯಲ್ಲಿ ಎಲ್ಲೂ ಬರೆದೇ ಇರಲಿಲ್ಲ.

ನಮ್ಮಲ್ಲಿ ಜಾಸ್ತಿ ಜನ 'ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಬೇಕು' ಅನ್ನುತ್ತೀರಿ. ಒಳ್ಳೆಯ ಗುರಿಯೇ. ಆದರೆ ಯಾಕೆ? ಊರಿಗೆ ಏನಾದರೂ ಮಾಡಬೇಕು ಅಂತಲಾ, ಅಪ್ಪನ ಸಾಲ ತೀರಿಸಬೇಕು ಅಂತಲಾ? ಎರಡೂ ದೊಡ್ಡ ಕನಸುಗಳೇ, ದಾರಿ ಮಾತ್ರ ಬೇರೆ ಬೇರೆ ಇರಬಹುದು, ಅಲ್ವಾ? ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದದ್ದು ಎಷ್ಟೋ ವರ್ಷ ಆದಮೇಲೆ.

ಹೀಗೆ ಮಾಡಿ. ಹತ್ತು ವರ್ಷ ಆದಮೇಲಿನ ಒಂದು ಸಾಮಾನ್ಯ ಮಂಗಳವಾರವನ್ನು ಒಂದು ಪುಟ ಬರೆಯಿರಿ. ಎಲ್ಲಿ ಎದ್ದಿರಿ, ತಿಂಡಿಗೆ ಜೊತೆಯಲ್ಲಿ ಯಾರಿದ್ದಾರೆ, ಮಧ್ಯಾಹ್ನ ಕೈಯಲ್ಲಿ ಏನು ಕೆಲಸ. ಹುದ್ದೆ, ಸಂಬಳ, ಮಾರ್ಕ್ಸ್ ಬೇಡ. ಮನೆಯವರಿಗೆ ಇಷ್ಟ ಆಗಲಿ ಅಂತ ಸುಮ್ನೆ ಬರೆಯಬೇಡಿ. ಯಾರೂ ಓದಿ ಹೇಳಬೇಕಿಲ್ಲ.

ಬೈಕ್ ಇಲ್ಲದವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಜೊತೆ ಮಾಡಿಕೊಡುತ್ತೇನೆ.