ಸಂಪಾದಕೀಯ: ಅಪ್ಪನ ಬಡ್ಡಿ

ರಾತ್ರಿ ಹನ್ನೆರಡೂವರೆ. ಬೆಳಗ್ಗೆ ಎಂಟಕ್ಕೆ ನಮ್ಮ ಸಂಘದ ಪತ್ರಿಕೆ ಪ್ರಿಂಟಿಗೆ ಹೋಗಬೇಕು, ಮೊದಲ ಪುಟದ ಈ ಜಾಗ ಇನ್ನೂ ಖಾಲಿ ಬಿದ್ದಿದೆ. ಇಲ್ಲಿ ಟೊರಾಂಟೊದಲ್ಲಿ ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಾಗಿನಿಂದ ಸಂಜೆ ಐದಕ್ಕೇ ಕತ್ತಲು, ಏಳಕ್ಕೆಲ್ಲ ಕಣ್ಣು ಎಳೆಯುತ್ತದೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತಲೇ ಕೂತೆ. "1956ರ ನವೆಂಬರ್ 1ರಂದು" ಅಂತ ಶುರು ಮಾಡಿ ಅಳಿಸಿದೆ. ಹೋದ ವರ್ಷವೂ ಹೀಗೇ ಶುರು ಮಾಡಿದ್ದೆ, ಅದರ ಹಿಂದಿನ ವರ್ಷವೂ. ಯಾರೂ ದೂರಲಿಲ್ಲ. ಅಂದರೆ ಯಾರೂ ಓದಿರಲಿಲ್ಲ ಅಂತ ನನ್ನ ಗುಮಾನಿ.

ಹಾಗಾಗಿ ಈ ಸಲ ಬೇರೆ ವಿಷಯ. ಕಾರಣ ನನ್ನ ಮಗಳು.

ಕೆನಡಾಕ್ಕೆ ಬಂದ ಮೇಲೆ ನಮಗೆಲ್ಲ ನವೆಂಬರ್‌ನಲ್ಲಿ ಎರಡು ದಿನ. 1ನೇ ತಾರೀಕು ಹಳದಿ ಕೆಂಪು ಬಾವುಟ, 11ನೇ ತಾರೀಕು ಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಎಡಗಡೆ ಎದೆ ಮೇಲೆ ಕೆಂಪು ಪಾಪಿ ಹೂವು. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ. ಮಗಳ ಶಾಲೆಯಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ, ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿ ಇದ್ದರೆ ಅವರ ಬಗ್ಗೆ ಬರೆದುಕೊಂಡು ಬರಬೇಕು. "ನಮ್ಮನೇಲಿ ಯಾರೂ ಇಲ್ಲ ಅಲ್ವಾ?" ಅಂದಳು. ನಿನ್ನ ತಾತ ಇದ್ದರಲ್ಲ ಅಂದೆ. "ಯಾವ ತಾತ? ಮಳೆ ತಾತನಾ?"

ನಮ್ಮಪ್ಪ ಅವಳಿಗೆ ಮಳೆ ತಾತ. ಯಾವಾಗ ಫೋನ್ ಮಾಡಿದರೂ ಮಳೆ ಬಂತಾ, ಎಷ್ಟು ಬಂತು, ಕನ್ನಂಬಾಡಿ ಕಟ್ಟೆ ಎಷ್ಟು ತುಂಬಿತು, ಇಷ್ಟೇ. ಮಂಡ್ಯದವರು ಇದನ್ನು ಓದುತ್ತಿದ್ದರೆ ಅವರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗ್ಗೆ ಆರೂವರೆ. ವಿಡಿಯೋ ಕಾಲ್ ಮಾಡಿದೆವು. ಮಗಳು ಅಂಗಿ ತೋರಿಸಿ, "ತಾತ, ನಾನು ಪಾಪಿ" ಅಂದಳು. ಅಪ್ಪ ಗಾಬರಿಯಾಗಿ, "ಯಾರವ್ವ ನಿನ್ನ ಪಾಪಿ ಅಂದೋರು?" ಅಂತ ಜಗಳಕ್ಕೇ ನಿಂತರು. ಅದು ಹೂವಿನ ಹೆಸರು, ನಮ್ಮ ಗಸಗಸೆ ಗಿಡದ ನೆಂಟ ಅಂತ ಹೇಳಿ ಸಮಾಧಾನ ಮಾಡಬೇಕಾಯಿತು. ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಅವಳು ಒಂದೊಂದಾಗಿ ಕೇಳಿದಳು. ಯಾವ ರೆಜಿಮೆಂಟು? ಮದ್ರಾಸ್ ಸ್ಯಾಪರ್ಸ್, ಸೈನ್ಯದ ಎಂಜಿನಿಯರ್ ದಳ. ಯಾವ ಯುದ್ಧ? ಎಪ್ಪತ್ತೊಂದು. ಜೊತೆಗೆ ಯಾರಿದ್ದರು? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಬಡ್ಡಿ" ಅಂದರು.

ಮಗಳಿಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಯ ಇತಿಹಾಸದಲ್ಲಿ ಆ ಮಾತು ಒಂದೇ ಸಲಕ್ಕೆ ಅರ್ಥವಾದದ್ದು ಅವಳೊಬ್ಬಳಿಗೇ. ಸೈನ್ಯದಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ, ಒಬ್ಬರಿಗೆ ಇನ್ನೊಬ್ಬ ಬಡ್ಡಿ, ಇಂಗ್ಲಿಷಿನ buddy, ಜೊತೆಗಾರ. ಇದು ನಮ್ಮ ಅವ್ವನಿಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಪ್ಪ ರಜೆ ಮೇಲೆ ಬಂದು, "ನಾಳಿದ್ದು ನನ್ನ ಬಡ್ಡಿ ಬರ್ತಾನೆ, ಒಂದು ವಾರ ಇರ್ತಾನೆ" ಅಂದರಂತೆ. ಎಷ್ಟು ಸಾಲ ಮಾಡಿದ್ದಾರೋ, ವಸೂಲಿಗೆ ಬಂದವನು ವಾರಗಟ್ಟಲೆ ಮನೆಯಲ್ಲೇ ಕೂರುತ್ತಾನಲ್ಲ ಅಂತ ಅವ್ವ ಕಿವಿಯ ಓಲೆ ಬಿಚ್ಚಿ ರಾಗಿ ಮೂಟೆಯೊಳಗೆ ಬಚ್ಚಿಟ್ಟಳಂತೆ. ಬಂದವನು ಸಣಕಲು ಮನುಷ್ಯ, ಕೈಯಲ್ಲಿ ಒಂದು ಟ್ರಂಕು. ಬಂದ ದಿನವೇ ಪಂಚೆ ಕಟ್ಟಿ ಕಬ್ಬಿನ ಗದ್ದೆಗೆ ಇಳಿದ. ಮೂರನೇ ದಿನ ಅವ್ವ ಓಲೆ ಹುಡುಕಲು ಮೂಟೆ ಸುರಿದಳು.

ನಾವು ಮಕ್ಕಳು ಅವರನ್ನು ತಂಬಿ ಚಿಕ್ಕಪ್ಪ ಅನ್ನುತ್ತಿದ್ದೆವು. ಮದ್ರಾಸ್ ಸ್ಯಾಪರ್‌ಗಳನ್ನು ಇಡೀ ಸೈನ್ಯವೇ ತಂಬಿ ಅಂತ ಕರೆಯುತ್ತದೆ, ಕನ್ನಡದವನಿರಲಿ, ತೆಲುಗಿನವನಿರಲಿ, ಎಲ್ಲರೂ ತಂಬಿಗಳೇ. ತಂಬಿ ಅಂದರೆ ತಮ್ಮ, ಅಪ್ಪನ ತಮ್ಮ ಅಂದರೆ ಚಿಕ್ಕಪ್ಪ. ಲೆಕ್ಕ ಸರಿಯಾಗಿತ್ತು. ಇಬ್ಬರೂ ಸೇರಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರ್‌ನಲ್ಲಿ, ಒಂದೇ ವಾರ. ಒಬ್ಬ ಮಂಡ್ಯ, ಇನ್ನೊಬ್ಬ ತಂಜಾವೂರು. ಒಂದೇ ಹೊಳೆಯ ಎರಡು ತುದಿ.

ಯುದ್ಧದ ಬಗ್ಗೆ ಅಪ್ಪ ಮಾತಾಡಿದ್ದು ಒಂದೇ ಸಲ. ನಾನು ಹೈಸ್ಕೂಲು. ಕರೆಂಟು ಹೋಗಿತ್ತು, ಜಗಲಿ ಮೇಲೆ ಕೂತಿದ್ದೆವು. ಇವರಿದ್ದದ್ದು ಪಶ್ಚಿಮದಲ್ಲಿ, ಪಾಕಿಸ್ತಾನದ ಶಕರ್‌ಗಢದ ಕಡೆ. ಡಿಸೆಂಬರ್ ಚಳಿ. ಆ ಚಳಿ ಈಗ ಟೊರಾಂಟೊದಲ್ಲಿರುವ ನನಗೆ ಏನೂ ಅಲ್ಲ, ಆದರೆ ಕಾವೇರಿ ಬಯಲಿನ ಎರಡು ಹುಡುಗರಿಗೆ ಅದು ಮೂಳೆ ಕೊರೆಯುವ ಚಳಿ. ಆಳೆತ್ತರ ಸರ್ಕಂಡಾ ಹುಲ್ಲು, ಕತ್ತಲಲ್ಲಿ ನಮ್ಮ ಕಬ್ಬಿನ ಗದ್ದೆ ಥರಾನೇ ಕಾಣುತ್ತಿತ್ತಂತೆ. ಟ್ಯಾಂಕುಗಳು ಮುಂದೆ ಹೋಗುವ ಮೊದಲು ನೆಲದಲ್ಲಿ ಹೂತಿಟ್ಟ ಮೈನ್‌ಗಳನ್ನು ತೆಗೆದು ದಾರಿ ಮಾಡುವುದು ಸ್ಯಾಪರ್‌ಗಳ ಕೆಲಸ. ಹೊಟ್ಟೆ ಮೇಲೆ ಮಲಗಬೇಕು. ಕೈಯಲ್ಲಿ ಚೂಪು ಕಡ್ಡಿ. ಅದರಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತಾ ಗೇಣು ಗೇಣಾಗಿ ತೆವಳಬೇಕು. ನೇರ ಚುಚ್ಚಿದರೆ ಮೈನಿನ ತಲೆಗೆ ತಾಗುತ್ತದೆ, ಕಥೆ ಮುಗಿಯಿತು. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ಟಕ್ ಅಂತ ತಾಗುತ್ತದೆ, ಆಗ ನಿಲ್ಲಿಸಿ ಕೈಯಿಂದ ಮಣ್ಣು ಬಿಡಿಸಬೇಕು. ಹಿಂದಿನವನು ಬಿಳಿ ಟೇಪು ಹಾಸಿಕೊಂಡು ಬರುತ್ತಾನೆ, ಟೇಪಿನ ಒಳಗೆ ಕಾಲಿಟ್ಟರೆ ಬದುಕಿದಿರಿ. ಒಬ್ಬ ಚುಚ್ಚುವುದು, ಒಬ್ಬ ಟೇಪು. ಆಮೇಲೆ ಸರದಿ ಬದಲು.

ಒಂದು ರಾತ್ರಿ ಅಪ್ಪನ ಸರದಿ ಬಂತು. ಬೆರಳು ಮರಗಟ್ಟಿ ಕೈ ನಡುಗುತ್ತಿತ್ತು. ಚಳಿಗೋ ಹೆದರಿಕೆಗೋ ಅಂತ ಜಗಲಿ ಮೇಲೆ ಕೂತಿದ್ದ ನನ್ನ ತಮ್ಮ ಕೇಳಿದ. "ಎರಡಕ್ಕೂ" ಅಂದರು ಅಪ್ಪ. ತಂಬಿ ಚಿಕ್ಕಪ್ಪ ಆಗಷ್ಟೇ ತನ್ನ ಪಾಲು ಮುಗಿಸಿ ಹಿಂದೆ ಬಂದಿದ್ದವರು, ಏನೂ ಮಾತಾಡದೆ ಅಪ್ಪನ ಕೈಯಿಂದ ಕಡ್ಡಿ ಕಿತ್ತುಕೊಂಡು ಟೇಪಿನ ಸುರುಳಿ ಕೊಟ್ಟು ಮುಂದೆ ತೆವಳಿದರಂತೆ.

"ಆಮೇಲೆ?" ಅಂದೆವು ನಾವು. ಸಿಡಿಯಿತು ಅಂತಲೇ ಕಾದಿದ್ದೆವು.

"ಆಮೇಲೇನಿಲ್ಲ. ಏನೂ ಆಗಲಿಲ್ಲ. ಬೆಳಗಾಯ್ತು. ಅವತ್ತು ನನ್ನ ಸರದಿ, ಅವನು ಹೋದ. ಅಷ್ಟೇ."

ನಮಗೆ ನಿರಾಸೆ. ಕರೆಂಟು ಬಂತು, ಎದ್ದು ಹೋದೆವು. ಅದೇ ಶಕರ್‌ಗಢದ ಕಡೆಯ ಬಸಂತರ್ ನದಿ ಹತ್ತಿರ ಡಿಸೆಂಬರ್ 16ರಂದು ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಟ್ಯಾಂಕಿನೊಳಗೇ ಸತ್ತು ಪರಮವೀರ ಚಕ್ರ ಪಡೆದರು. ಸ್ಯಾಪರ್‌ಗಳು ಮೈನ್ ತೆಗೆದು ಪೂರ್ತಿ ಮುಗಿಸುವ ಮೊದಲೇ ಆ ಟ್ಯಾಂಕುಗಳು ದಾಟಿದ್ದವು. ಢಾಕಾದಲ್ಲಿ ಶರಣಾಗತಿ ಆದದ್ದೂ ಅವತ್ತೇ, ಆದರೆ ಪಶ್ಚಿಮದಲ್ಲಿ ಗುಂಡು ನಿಂತದ್ದು ಮಾರನೇ ದಿನ ರಾತ್ರಿ ಎಂಟಕ್ಕೆ. ಇದನ್ನೆಲ್ಲ ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ಅಪ್ಪ ಹೇಳಲಿಲ್ಲ.

ಜಾಗ ಮುಗಿಯುತ್ತಿದೆ, ಮಧ್ಯದಲ್ಲೇ ಸೂಚನೆಗಳನ್ನು ತುರುಕುತ್ತೇನೆ, ಬೈಕೋಬೇಡಿ. ರಾಜ್ಯೋತ್ಸವ ಈ ತಿಂಗಳ ಮೂರನೇ ಶನಿವಾರ, ಹೋದ ವರ್ಷದ ಹಾಲ್‌ನಲ್ಲೇ, ಮಧ್ಯಾಹ್ನ ಮೂರಕ್ಕೆ. ಮೂರು ಅಂದರೆ ಮೂರು, ನಾಲ್ಕೂವರೆ ಅಲ್ಲ. ಊಟಕ್ಕೆ ಹೆಸರು ಕೊಡುವ ಕೊನೆಯ ದಿನ ಈ ಬುಧವಾರ. ಮಕ್ಕಳ ಛದ್ಮವೇಷಕ್ಕೆ ಈಗಾಗಲೇ ನಾಲ್ವರು ಕಿತ್ತೂರು ಚೆನ್ನಮ್ಮ ಇದ್ದಾರೆ, ದಯವಿಟ್ಟು ಬೇರೆ ಯಾರನ್ನಾದರೂ ಯೋಚಿಸಿ. ಕುರ್ಚಿ ಜೋಡಿಸಲು ಬೆಳಗ್ಗೆ ಹತ್ತಕ್ಕೆ ಆರು ಜನ ಬೇಕು, ಸದ್ಯಕ್ಕೆ ಇರುವುದು ನಾನು ಮತ್ತು ನನ್ನ ಗಂಡ, ಅವರಿಗೆ ಇನ್ನೂ ಹೇಳಿಲ್ಲ. ಭಾನುವಾರದ ಕನ್ನಡ ತರಗತಿಗೆ ಒಬ್ಬ ಶಿಕ್ಷಕರು ಬೇಕು. ಇನ್ನೊಂದು ಮಾತು. ಈ ಪತ್ರಿಕೆಯನ್ನು ಆರು ವರ್ಷದಿಂದ ಒಬ್ಬಳೇ ಟೈಪು ಮಾಡಿ, ತಿದ್ದಿ, ಪುಟ ಕಟ್ಟುತ್ತಿದ್ದೇನೆ. ನಾನು ಸೂಪರ್ ಅಂತ ಹೊಗಳುವುದು ಸಾಕು. ಯಾರಾದರೂ ಒಬ್ಬರು ಬಂದು ಒಂದು ಸಂಚಿಕೆಗಾದರೂ ಕೈ ಜೋಡಿಸಿ. ಕನ್ನಡ ಟೈಪಿಂಗ್ ಬರದಿದ್ದರೂ ಪರವಾಗಿಲ್ಲ, ಒಂದು ಸಂಜೆಯಲ್ಲಿ ಕಲಿಸುತ್ತೇನೆ.

ಎಲ್ಲಿದ್ದೆ? ಹೊಳೆಯ ಎರಡು ತುದಿ.

ಇಬ್ಬರೂ ಹವಾಲ್ದಾರರಾಗಿ ನಿವೃತ್ತಿಯಾಗಿ ಊರು ಸೇರಿ ವ್ಯವಸಾಯ ಹಿಡಿದರು. ಇವರದು ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆ ನೀರಿನ ಕಬ್ಬು, ಅವರದು ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ನೀರಿನ ಭತ್ತ. ಅಪ್ಪನಿಗೆ ತಮಿಳು ಓದಲು ಬರದು, ಅವರಿಗೆ ಕನ್ನಡ ಬರದು. ಹಾಗಾಗಿ ಸೈನ್ಯದಲ್ಲಿ ಕಲಿಸಿದ್ದ ಹಿಂದಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಇನ್‌ಲ್ಯಾಂಡ್ ಲೆಟರ್ ಪೂರ್ತಿ ತುಂಬಿದ್ದನ್ನು ನಾನು ನೋಡಿಲ್ಲ. "ಮೆಟ್ಟೂರ್ 98 ಫೂಟ್. ತುಮ್ಹಾರಾ?" ಇಷ್ಟೇ ಕಾಗದ. ಅಪ್ಪ ಪೇಪರ್ ನೋಡಿ ಕನ್ನಂಬಾಡಿ ಮಟ್ಟ ಬರೆದು ಕಳಿಸುವರು. ಕನ್ನಂಬಾಡಿ ತುಂಬಿದರೆ 124.80 ಅಡಿ, ಮೆಟ್ಟೂರು ತುಂಬಿದರೆ 120. ಜೂನ್ 12ಕ್ಕೆ ಮೆಟ್ಟೂರು ಬಾಗಿಲು ತೆಗೆಯುವುದು ಅಲ್ಲಿನ ವಾಡಿಕೆ, ಕುರುವೈ ಭತ್ತಕ್ಕೆ. ಆ ದಿನ ನಮ್ಮ ಮನೆಯ ಕ್ಯಾಲೆಂಡರ್‌ನಲ್ಲೂ ಪೆನ್ನಿನ ಗುರುತು ಇರುತ್ತಿತ್ತು. ಹಬ್ಬವಾ ಅಂತ ನಾನು ಕೇಳಿದ್ದೆ.

1991ರ ಡಿಸೆಂಬರ್. ಅತ್ತೆಯ ಮದುವೆಗೆ ಅಂತ ತಂಬಿ ಚಿಕ್ಕಪ್ಪ ಬಂದಿದ್ದರು. ಮದುವೆ ಮುಗಿಯಿತು, ಕಾವೇರಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂತು, ಬೆಂಗಳೂರು ಹೊತ್ತಿಕೊಂಡಿತು, ಬಸ್ಸು ನಿಂತವು. ಚಿಕ್ಕಪ್ಪ ನಮ್ಮ ಮನೆಯಲ್ಲೇ ಸಿಕ್ಕಿಕೊಂಡರು. ತಾತ ನಮ್ಮನ್ನು ಕೂರಿಸಿಕೊಂಡು, ಯಾರಾದರೂ ಕೇಳಿದರೆ ತಮಿಳಿನವರು ಅನ್ನಬೇಡಿ, ಮಿಲಿಟರಿಯವರು ಅನ್ನಿ ಅಂತ ಹೇಳಿಕೊಟ್ಟರು. ಊರಿಗೆಲ್ಲ ಗೊತ್ತಿತ್ತು. ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಮರೆಯದೇ ಇರುವುದು ಇದು: ಅಪ್ಪ ಬೆಳಗ್ಗೆ ಎದ್ದು ಹಸಿರು ಟವಲ್ ಹಾಕಿಕೊಂಡು ಮೈಸೂರು ರಸ್ತೆ ತಡೆಯಲು ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಗಂಟಲು ಕಟ್ಟಿಸಿಕೊಂಡು ಮನೆಗೆ ಬರುವರು. ಚಿಕ್ಕಪ್ಪ ಅವರಿಗೆ ಬಿಸಿನೀರು ಕೊಟ್ಟು, "ಇವತ್ತು ಎಷ್ಟು ಜನ ಸೇರಿದ್ದರು?" ಅಂತ ಕೇಳುವರು. ಇಬ್ಬರೂ ಎದುರು ಬದುರು ಕೂತು ಮುದ್ದೆ ಉಣ್ಣುವರು. "ನಾನೂ ಊರಲ್ಲಿ ಇದ್ದಿದ್ರೆ ಅಲ್ಲಿ ರಸ್ತೆಗೆ ಇಳೀತಿದ್ದೆ" ಅಂದರು ಒಮ್ಮೆ. "ಇಳೀಬೇಕು ಮತ್ತೆ" ಅಂದರು ಅಪ್ಪ. ಅವರ ನಡುವೆ ಕಾವೇರಿ ಬಗ್ಗೆ ನಡೆದ ಚರ್ಚೆ ಅಷ್ಟೇ. ಈಗ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇದೇ ವಿಷಯಕ್ಕೆ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡವರು ಇದ್ದಾರೆ, ಹೆಸರು ಹೇಳಲ್ಲ.

ಕಾಗದ ಹೋಗಿ ಫೋನ್ ಬಂತು, ಮಾತು ಮಾತ್ರ ಬದಲಾಗಲಿಲ್ಲ. 2023ರಲ್ಲಿ ಮಳೆ ಕೈ ಕೊಟ್ಟಾಗ ಫೋನ್ ಮಾಡಿ ಇಬ್ಬರೂ ಸುಮ್ಮನೆ ಉಸಿರು ಬಿಡುತ್ತಿದ್ದರು ಅಂತ ಅವ್ವ ನಗುತ್ತಿದ್ದಳು.

ತಂಬಿ ಚಿಕ್ಕಪ್ಪ ಹೋದ ತಿಂಗಳು ತೀರಿಕೊಂಡರು. ನಿದ್ದೆಯಲ್ಲೇ. ಅಪ್ಪನ ಮಂಡಿ ನೋವಿಗೆ ಅಷ್ಟು ದೂರ ಬಸ್ಸಿನಲ್ಲಿ ಹೋಗಲಾಗಲಿಲ್ಲ. ನನಗೆ ಎರಡು ದಿನ ಬಿಟ್ಟು ಹೇಳಿದರು, ಅದೂ ಕನ್ನಂಬಾಡಿ ಮಟ್ಟ ಹೇಳಿ ಮುಗಿಸಿದ ಮೇಲೆ. ಇಲ್ಲಿ ಕೂತು ನಾನೇನು ಹೇಳಲಿ? ಈ ಸ್ಥಿತಿ ನಿಮಗೆಲ್ಲ ಗೊತ್ತಿರುವುದೇ.

ಮೊನ್ನೆ ಕಾಲ್‌ನಲ್ಲಿ ಮಗಳು ಆ ಹಾಳೆಯ ಕೊನೆಯ ಸಾಲು ಓದಿದಳು: ಅವರ ಬಗ್ಗೆ ನಿಮಗೆ ನೆನಪಿರುವ ಒಂದು ವಿಷಯ. ಅಪ್ಪ ಗಂಟಲು ಸರಿಮಾಡಿಕೊಂಡು ಒಂದು ನಂಬರ್ ಹೇಳಿದರು, ಒಂದೊಂದೇ ಅಂಕಿ. ಅದು ಅಪ್ಪನ ಆರ್ಮಿ ನಂಬರ್ ಅಲ್ಲ. ಅವಳು ಹಾಗೇ ಬರೆದುಕೊಂಡಳು. ಟೀಚರ್ ಏನಂದುಕೊಳ್ಳುತ್ತಾರೋ.

ಇದನ್ನು ಬರೆಯುತ್ತಿರುವಾಗಲೇ ಅಪ್ಪನ ಫೋನು. ಅಲ್ಲಿ ಹಗಲು, ನನಗೆ ಇಲ್ಲಿ ರಾತ್ರಿ ಅನ್ನುವುದು ಅವರಿಗೆ ಹದಿನಾಲ್ಕು ವರ್ಷದಿಂದ ಮರೆತುಹೋಗುತ್ತಿದೆ. ತಂಬಿ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಏನೋ ಕಳಿಸಿದ್ದಾನಂತೆ. ನಮಸ್ಕಾರ ಇಲ್ಲ, ಹೆಸರಿಲ್ಲ, ಬರೀ ಒಂದು ಸಂಖ್ಯೆ. ಮೆಟ್ಟೂರಿನದು. ವಾಪಸ್ ಕಳಿಸುವುದು ಹೇಗೆ ಅಂತ ಕೇಳಿದರು. ಕೆಳಗೆ ಒತ್ತಿ, ಅಂಕಿ ಬರುತ್ತವೆ ಅಂದೆ. ತುಂಬಾ ಹೊತ್ತು ಬರೀ ಟಿಕ್ ಟಿಕ್ ಸದ್ದು.

"ನೂರಾ ಇಪ್ಪತ್ನಾಕು ಆಯ್ತು ಕಣವ್ವ. ಚುಕ್ಕಿ ಎಲ್ಲೈತೆ?"