ಅಪ್ಪಯ್ಯನ ಸಿನಿಮಾ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಅಪ್ಪಯ್ಯನ ಬಗ್ಗೆ ನಾನು ಮಾಡಿದ ಸಿನಿಮಾನ ಮೊನ್ನೆ ಬೆಂಗಳೂರಲ್ಲಿ ಬಂದು ನೋಡಿದವರಿಗೆ, ಆಮೇಲೆ ಫೋನ್ ಮಾಡಿದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಒಬ್ಬೊಬ್ಬರಿಗೇ ಉತ್ತರ ಬರೆಯೋಕೆ ಆಗಿಲ್ಲ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆಯ ಮುಳುಗಡೆ ಕತೆ ನಿಮಗೆ ಗೊತ್ತಿರುವುದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಹಿನ್ನೀರಲ್ಲಿ ಅಜ್ಜನ ಮನೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪಯ್ಯ ಅಡಿಪಾಯದ ಕಲ್ಲು ಹುಡುಕಿ, ‘ಇದು ಅಡುಗೆಮನೆ, ಇದು ಕೊಟ್ಟಿಗೆ’ ಅಂತ ನಡೆದು ತೋರಿಸುತ್ತಿದ್ದ.

ಈಗ ನನ್ನ ಎಡಿಟರ್ ವಿಷಯ. ಹೆಸರು ಹಾಕಿದರೆ ಜಗಳ ಆಡ್ತಾಳೆ, ಅದಕ್ಕೇ ಬರೀ ಎಡಿಟರ್. ಹಳೇ ಮಿನಿಡಿವಿ ಟೇಪುಗಳಿಗೆ (ಆಗಿನ ವಿಡಿಯೋ ಕ್ಯಾಮೆರಾದ ಪುಟ್ಟ ಕ್ಯಾಸೆಟ್ಟು) ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿದಿತ್ತು. ಒಂದು ಗಂಟೆಯ ಟೇಪ್ ಕಂಪ್ಯೂಟರಿಗೆ ಇಳಿಸೋಕೆ ಒಂದು ಗಂಟೆ ಬೇಕೇ ಬೇಕು, ಅದರಲ್ಲಿ ಅಡ್ಡದಾರಿ ಇಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಪೋರ್ಟೂ (ಆ ಕ್ಯಾಮೆರಾದ ಕೇಬಲ್ ಸಿಕ್ಕಿಸೋ ಜಾಗ) ಇರಲ್ಲ. ಎಲ್ಲಿಂದಲೋ ಹಳೇ ಮ್ಯಾಕ್ ತಂದು ಎಲ್ಲವನ್ನೂ ಕೂತು ಇಳಿಸಿದಳು. ಚೂರುಚೂರಾದ ಚಿತ್ರದ ನಡುವೆ ಅಪ್ಪಯ್ಯ ಕವಳ (ಎಲೆಯಡಿಕೆ) ಹಾಕುತ್ತಾ, ‘ಇದನ್ನ ಯಾರು ನೋಡ್ತಾರೆ ಮಾರಾಯ್ತಿ’ ಅನ್ನೋದು ಸಿಕ್ಕಿದ್ದು ಹಾಗೆ.

ಅಪ್ಪಯ್ಯ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಬಗ್ಗೆ ಜಾಸ್ತಿ ಬರೆಯಲ್ಲ. ಸುದ್ದಿ ಗೊತ್ತಾಗಿದ್ದೇ ಎಡಿಟರ್ ಸಿಕ್ಕ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದಳು. ಐಸಿಯು ಹೊರಗೆ ಕೂತಿದ್ದೆ. ಕೈ ತಾನಾಗೇ ಕ್ಯಾಮೆರಾ ಬ್ಯಾಗಿನ ಜಿಪ್ ಹತ್ತಿರ ಹೋಗುತ್ತಿತ್ತು. ಇಷ್ಟು ವರ್ಷ ಬೇರೆಯವರ ಮನೆಯಲ್ಲಿ ಟ್ರೈಪಾಡ್ ಇಟ್ಟು, ‘ಅವತ್ತು ಏನಾಯ್ತು, ನಿಧಾನಕ್ಕೆ ಹೇಳಿ’ ಅಂತ ಕೇಳಿದವಳು ನಾನು. ಅವರು ಅತ್ತಾಗ ಫೋಕಸ್ ಸರಿಯಿದೆಯಾ ಅಂತ ನೋಡಿದವಳು. ಅಪ್ಪ ಸಾಯುವಾಗಲೂ ಫ್ರೇಮ್ ಹುಡುಕ್ತಿದೀನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳು ಕ್ಯಾಮೆರಾ ತೆಗಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬ್ಯಾಗನ್ನು ತನ್ನ ತೊಡೆ ಮೇಲಿಟ್ಟುಕೊಂಡು, ‘ಬ್ಯಾಟರಿ ಫುಲ್ ಇದೆ. ಬೇಕಾದ್ರೆ ಕೇಳು’ ಅಂದಳು. ನಾನು ಕೇಳಲಿಲ್ಲ. ಬೆಳಗಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ.

ಎಡಿಟಿಂಗಿಗೆ ಕೂತಾಗ ಇಷ್ಟು ಮೆತ್ತಗಿರಲಿಲ್ಲ ಬಿಡಿ. ನಾನು ಅಳುತ್ತಾ ಬರೆದ ವಾಯ್ಸ್‌ ಓವರ್ ಪೂರಾ ಕಿತ್ತು ಹಾಕಿದಳು. ‘ಅಪ್ಪಯ್ಯ ಕೆಮ್ಮೋದು ಕೇಳುತ್ತಲ್ಲ, ಅದರ ಮೇಲೆ ನೀನ್ಯಾಕೆ ಮಾತಾಡ್ತೀಯ?’

ಕ್ಯಾಮೆರಾ, ಸೌಂಡ್ ನೋಡಿಕೊಂಡ ಗೆಳೆಯರು, ಹಿನ್ನೀರಲ್ಲಿ ದೋಣಿ ನಡೆಸಿದವರು, ಅಡಿಕೆ ಮಾರಿದ ದುಡ್ಡು ಕೊಟ್ಟು ವಾಪಸ್ ಕೇಳದ ಅಣ್ಣ, ಸಬ್‌ಟೈಟಲ್ ತಿದ್ದಿದ ಅತ್ತಿಗೆ, ನಿಮಗೆಲ್ಲ ಒಟ್ಟಿಗೇ ಒಂದು ದೊಡ್ಡ ನಮಸ್ಕಾರ. ಹೆಗ್ಗೋಡಿನ ನೀನಾಸಂಗೂ. 1949ರಲ್ಲಿ ಹುಟ್ಟಿದ ಆ ಹಳ್ಳಿಯ ನಾಟಕ ಸಂಘ ಊರವರಿಗೆ ಹೊರದೇಶದ ಸಿನಿಮಾನೂ ತೋರಿಸದೇ ಇದ್ದಿದ್ದರೆ, ಅಪ್ಪಯ್ಯ ನನ್ನನ್ನು ಅಲ್ಲಿಗೆ ಕರಕೊಂಡು ಹೋಗದೇ ಇದ್ದಿದ್ದರೆ, ನಾನು ಇವತ್ತು ಯಾವುದೋ ಬ್ಯಾಂಕಲ್ಲಿ ಇರ್ತಿದ್ದೆ.

ಅಮ್ಮ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ನೋಡಿ ಹೇಳಿದ್ದು ಒಂದೇ ಮಾತು: ಹಳೇ ನೈಟಿಯಲ್ಲಿರೋ ಶಾಟ್ ತೆಗೆದು ಹಾಕು. ತೆಗೆದು ಹಾಕಿದ್ದೇನೆ.

ಲಿಂಕ್ ಕೇಳ್ತಿರೋರು ಸ್ವಲ್ಪ ತಡೀರಿ. ಮೊದಲು ಸಾಗರದಲ್ಲಿ, ಮುಳುಗಡೆಯಾಗಿ ಬಂದ ಮನೆಯವರಿಗೆ ತೋರಿಸಬೇಕು. ವಯಸ್ಸಾದವರು ಮೆಟ್ಟಿಲು ಹತ್ತಬೇಕಿಲ್ಲದ ಹಾಲ್ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.