ಅಕ್ಕಾ, ನೀನು ಸೋಮಾರಿ ಅಲ್ಲ

ಗ್ಲಾಸ್ಗೋ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಂಗೆ,

ಮೊನ್ನೆ ಫೋನಲ್ಲಿ ನಿನ್ ಮೇಲೆ ರೇಗಿಬಿಟ್ಟೆ, ಆಮೇಲೆ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ಶುಗರ್ ಬಾರ್ಡರಲ್ಲಿ ಐತೆ ದಿನಾ ಅರ್ಧ ಗಂಟೆ ವಾಕಿಂಗ್ ಮಾಡಮ್ಮ ಅಂತ ಡಾಕ್ಟ್ರು ಹೇಳಿದ್ರು ಅಂದೆ ನೀನು, ಅರ್ಧ ಗಂಟೆ ತಾನೆ ಮನಸ್ಸು ಮಾಡಿದ್ರೆ ಆಗಲ್ವಾ, ಸೋಮಾರಿ ನೀನು ಅಂದೆ ನಾನು, "ಎಲ್ಲಿ ನಡೀಲಿ ಹೇಳೆ" ಅಂತ ಕೇಳಿ ನೀನು ಫೋನ್ ಇಟ್ಬಿಟ್ಟೆ. ಆ ಒಂದು ಮಾತಿಗೆ ಉತ್ರ ಕೊಡೋಣ ಅಂತ ಈ ಕಾಗದ ಬರೀತಿದೀನಿ.

ನಿಜ, ಎಲ್ಲಿ ನಡೀತೀಯ? ಬೆಳಗ್ಗೆ ನಲ್ಲಿ ನೀರು, ಭಾವಂಗೆ ಬುತ್ತಿ, ಹುಡುಗ್ರನ್ನ ಸ್ಕೂಲಿಗೆ ಕಳ್ಸೋದು, ಆಮೇಲೆ ಸಂಜೆವರೆಗೂ ಹೊಲಿಗೆ ಮಿಷನ್ ಮುಂದೆ ಕೂತಿರ್ತೀಯ. ಮೊದ್ಲು ಕಾಲಲ್ಲಾದ್ರೂ ತುಳೀತಿದ್ದೆ, ಮೋಟಾರ್ ಹಾಕಿಸಿದ್ಮೇಲೆ ಅದೂ ಇಲ್ಲ. ಕತ್ಲಾದ್ಮೇಲೆ ಬಿಡುವು ಸಿಕ್ರೆ ಓಣೀಲಿ ಲೈಟಿಲ್ಲ, ಚರಂಡಿ ಕಲ್ಲು ಎದ್ದಿದಾವೆ, ನಾಯಿ ಕಾಟ, ಮೇಲೆ ಮಂಡಕ್ಕಿ ಭಟ್ಟಿ ಹೊಗೆ. ನಮ್ ದಾವಣಗೆರೆ ಕುಂದುವಾಡ ಕೆರೆ ಏರಿ ಮೇಲೆ ನಡ್ಯೋಕೆ ಎಷ್ಟು ಚೆಂದ ಐತೆ, ಆದ್ರೆ ಭಟ್ಟಿ ಕಡೆಯಿಂದ ಅಲ್ಲಿಗೆ ಹೋಗಿ ಬರೋದ್ರಲ್ಲೇ ನಿನ್ನ ಅರ್ಧ ದಿನದ ಕೂಲಿ ಹೋಗುತ್ತೆ. ಉಳ್ಳೋರಿರೋ ಎಂಸಿಸಿ ಬಿ ಬ್ಲಾಕ್ ಬಡಾವಣೆ ಹೆಂಗಸ್ರು ಶೂ ಹಾಕ್ಕೊಂಡು ಗುಂಪಾಗಿ ವಾಕಿಂಗ್ ಹೋಗೋದನ್ನ ನೋಡಿ ಅವ್ರಿಗೆ ಶಿಸ್ತು ಐತೆ ನಮ್ಗಿಲ್ಲ ಅಂತ ಚಿಕ್ಕೋಳಿದ್ದಾಗ ಅಂದ್ಕೊಂಡಿದ್ದೆ. ಅವ್ರ ಮನೆ ಮುಂದೆ ಪಾರ್ಕಿತ್ತು ಅನ್ನೋದು ಆಗ ಹೊಳೀಲಿಲ್ಲ.

ಇಲ್ಲಿ ನಾನು ಓದ್ತಿರೋದೇ ಇದನ್ನ ಅಕ್ಕ, ಬಡವ್ರಿಗೂ ಉಳ್ಳೋರಿಗೂ ಆರೋಗ್ಯದಲ್ಲಿ ಯಾಕೆ ಇಷ್ಟು ವ್ಯತ್ಯಾಸ ಅಂತ. ಸ್ಕಾಟ್ಲೆಂಡಿನ ಈ ಗ್ಲಾಸ್ಗೋ ಅಂದ್ರೆ ಶ್ರೀಮಂತ ಊರು ಅಂತ ತಾನೆ ನಮ್ಮೋರೆಲ್ಲ ಅನ್ಕೊಳ್ಳೋದು? ವಿಶ್ವ ಆರೋಗ್ಯ ಸಂಸ್ಥೆಯ ಒಂದು ಆಯೋಗ 2008ರಲ್ಲಿ ಕೊಟ್ಟ ವರದೀಲಿ ಈ ಊರಿನ ಲೆಕ್ಕ ಐತೆ. ಕ್ಯಾಲ್ಟನ್ ಅನ್ನೋ ಬಡ ಏರಿಯಾದ ಗಂಡಸ್ರ ಸರಾಸರಿ ಆಯಸ್ಸು ಆಗ 54, ಅಲ್ಲಿಂದ ಸ್ವಲ್ಪ ದೂರದ ಲೆನ್ಜಿಯಲ್ಲಿ 82. ಒಂದೇ ಸರ್ಕಾರ, ಒಂದೇ ಪುಕ್ಕಟೆ ಆಸ್ಪತ್ರೆ ವ್ಯವಸ್ಥೆ, ಆದ್ರೂ 28 ವರ್ಷ ವ್ಯತ್ಯಾಸ. ಓದಿದ ದಿನ ನಂಗೆ ಊಟ ಸೇರ್ಲಿಲ್ಲ. ಸಿಗರೇಟು, ಕುಡಿತ, ಕೆಲ್ಸ ಇಲ್ದಿರೋದು, ತೇವದ ಮನೆ, ಎಲ್ಲಾ ಸೇರಿ ಹಂಗಾಗಿರೋದು, ಬರೀ ನಡಿಗೆಯಿಂದ ಅಲ್ಲ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಇಲ್ಲಿ ಪಾರ್ಕ್‌ರನ್ ಅಂತ ನಡೆಯುತ್ತೆ, ಐದು ಕಿಲೋಮೀಟರ್, ಓಡಾದ್ರೂ ಓಡು ನಡೆದಾದ್ರೂ ನಡಿ, ಒಂದು ಪೈಸೆ ಕೊಡಂಗಿಲ್ಲ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಲ್ಲಿ 13 ಜನ ಓಡಿ ಶುರುವಾಗಿದ್ದು ಈಗ ಎಷ್ಟೋ ದೇಶದಲ್ಲಿ ಐತೆ. ನಾನೂ ಹೋಗ್ತೀನಿ, ಮನ್ಸು ಹಗುರಾಗುತ್ತೆ. ಆದ್ರೆ ಪುಕ್ಕಟೆ ಇದ್ರೂ ಬಡ ಏರಿಯಾದೋರು ಬರೋದು ಕಮ್ಮಿ ಅಂತ ಅಧ್ಯಯನಗಳು ಹೇಳ್ತವೆ. ಶನಿವಾರ ಡ್ಯೂಟಿ ಇರೋರು, ಮಗು ನೋಡ್ಕೊಳ್ಳೋರಿಲ್ಲದೋರು ಹೆಂಗ್ ಬರ್ತಾರೆ?

ಅಪ್ಪಾಜಿ ಗದ್ದೆ ನೆನಪು ಮಾಡ್ಕೋ. ಭದ್ರಾ ಕಾಲುವೇಲಿ ನೀರು ಬಿಟ್ಟಿದಾರೆ ಅಂತ ಪೇಪರಲ್ಲಿ ಬರೋದು, ಮೇಲಿನೋರ ಗದ್ದೆ ತುಂಬಿ ಹರಿಯೋದು, ಕೊನೆಭಾಗದ ನಮ್ಗೆ ಬರೋ ಹೊತ್ತಿಗೆ ಕಾಲುವೆ ಒಣಗಿರೋದು. ಪಾರ್ಕು, ಓಪನ್ ಜಿಮ್ಮು, ವಾಕಿಂಗ್ ಟ್ರ್ಯಾಕು ಎಲ್ಲಾ ಹಿಂಗೇ ಆಗ್ತವೆ. ಮಾರ್ಮಟ್ ಅನ್ನೋ ಪ್ರೊಫೆಸರು 2010ರಲ್ಲಿ ಇಂಗ್ಲೆಂಡ್ ಬಗ್ಗೆ ವರದಿ ಕೊಟ್ಟಾಗ ಎಲ್ರಿಗೂ ಕೊಡಿ, ಆದ್ರೆ ಯಾರಿಗೆ ಕೊರತೆ ಜಾಸ್ತಿನೋ ಅವ್ರಿಗೆ ಜಾಸ್ತಿ ಕೊಡಿ ಅಂದ್ರು. ಕೊನೆಭಾಗಕ್ಕೆ ಮುಟ್ಟೋ ಹಂಗೆ ನೀರು ಬಿಡಿ ಅಂತ ಅಪ್ಪಾಜಿ ಧರಣಿ ಕೂತು ಕೇಳ್ತಿದ್ದದ್ದೂ ಅದನ್ನೇ ಅಲ್ವಾ.

ಬಸ್ ಓಡ್ಸೋ ಭಾವಂಗೂ ಒಂದು ವಿಷ್ಯ ಹೇಳು. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಲಂಡನ್ ಬಸ್ಸಿನೋರ ಅಧ್ಯಯನ ಪ್ರಕಟ ಮಾಡಿದ್ರು, ಡಬಲ್ ಡೆಕ್ಕರ್ ಮೆಟ್ಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗಿಂತ ಕೂತು ಓಡ್ಸೋ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ. ಆಮೇಲೆ ಯೂನಿಫಾರ್ಮ್ ಅಳತೆ ತೆಗ್ದು ನೋಡಿದ್ರೆ ಡ್ರೈವರ್‌ಗಳ ಸೊಂಟ ಮೊದ್ಲಿಂದನೇ ದಪ್ಪ ಇತ್ತಂತೆ, ಅಂದ್ರೆ ಸೀಟೊಂದೇ ಕಾರಣ ಅನ್ನೋಕಾಗಲ್ಲ, ಆದ್ರೂ ಟ್ರಿಪ್ ಮಧ್ಯೆ ಬಸ್ ನಿಂತಾಗ ಇಳಿದು ಸ್ಟ್ಯಾಂಡ್ ಒಂದು ಸುತ್ತು ಹಾಕು ಅನ್ನು.

ನಿಂಗೆ ಸಮಾಧಾನ ಆಗೋ ಮಾತು ಒಂದೈತೆ. ಬಿರುಸು ನಡಿಗೆ ಥರದ ಚಟುವಟಿಕೆ ವಾರಕ್ಕೆ 150 ನಿಮಿಷ ಬೇಕು ಅಂತ ಲೆಕ್ಕ, ಆದ್ರೆ ಒಂದೇ ಸಲಕ್ಕೆ ಹತ್ತು ನಿಮಿಷ ಆದ್ರೂ ಇರ್ಬೇಕು ಅನ್ನೋ ಹಳೇ ಷರತ್ತನ್ನ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತೆಗ್ದುಹಾಕ್ತು. ಕೊಡ ಹೊತ್ತದ್ದು, ಬಸ್ ಸ್ಟಾಪಿಗೆ ಬಿರಬಿರನೆ ನಡೆದದ್ದು ಎಲ್ಲಾ ಸೇರುತ್ತೆ. ನಮ್ ದೇಶದಲ್ಲಿ 2022ರ ಲೆಕ್ಕದ ಪ್ರಕಾರ ಹೆಂಗಸ್ರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸ್ರಲ್ಲಿ 42 ಮಂದಿಗೆ ಸಾಕಷ್ಟು ಚಟುವಟಿಕೆ ಇಲ್ಲ. ಅಷ್ಟು ಕೋಟಿ ಹೆಂಗಸ್ರು ಸೋಮಾರಿಗಳಾ? ನಾನು ಆ ಮಾತು ಆಡಿದ್ದಕ್ಕೆ ಕ್ಷಮಿಸು ಅಕ್ಕ.

ಈಗ ಎರಡು ಕೆಲ್ಸ. ನೀನು ಸ್ಕೂಲ್ ಸಮಿತಿ ಎಸ್‌ಡಿಎಂಸೀಲಿ ಇದೀಯಲ್ಲ, ಹೆಡ್ ಮೇಡಂ ಹತ್ರ ಮಾತಾಡು. 2012ರಲ್ಲಿ ಇಲ್ಲಿಗೆ ಹತ್ರದ ಸ್ಟರ್ಲಿಂಗ್ ಊರಿನ ಒಂದು ಪ್ರೈಮರಿ ಸ್ಕೂಲಲ್ಲಿ ಹೆಡ್ ಮಿಸ್ ಒಬ್ರು ಮಕ್ಕಳ್ನೆಲ್ಲಾ ದಿನಾ ಹದಿನೈದು ನಿಮಿಷ ಹೊರಗೆ ಓಡ್ಸೋಕೆ ಶುರು ಮಾಡಿದ್ರು, ಡೈಲಿ ಮೈಲ್ ಅಂತಾರೆ. ಬಟ್ಟೆ ಬದಲಾಯಿಸಂಗಿಲ್ಲ, ಫೀಸಿಲ್ಲ, ಗೆದ್ದೋರಿಗೆ ಕಪ್ಪು ಗಿಪ್ಪು ಅಂತಿಲ್ಲ, ಕುಂಟೋ ಮಗು ಕೂಡ ತನ್ ಪಾಡಿಗೆ ಸುತ್ತು ಹಾಕುತ್ತೆ. ನನ್ಗೆ ಇಷ್ಟ ಆಗಿದ್ದೇ ಅದು, ಯಾರ್ನೂ ಬಿಡಲ್ಲ. ನಮ್ ಸ್ಕೂಲಿಗೆ ಮೈದಾನ ಇಲ್ದಿದ್ರೇನು, ಕಾಂಪೌಂಡ್ ಒಳಗೇ ಸುತ್ತಬಹುದು.

ಇನ್ನೊಂದು, ಓಣಿ ಲೈಟು. ಎಷ್ಟು ಕಂಬ, ಯಾವ್ಯಾವ್ದು ಉರೀತಿಲ್ಲ, ಎಲ್ಲಿ ಚರಂಡಿ ಕಲ್ಲಿಲ್ಲ ಅಂತ ಫೋಟೋ ತೆಗ್ದು ವಾಟ್ಸಾಪ್ ಮಾಡು, ಪಾಲಿಕೆಗೆ ಅರ್ಜಿ ನಾನು ಬರ್ದು ಕಳಿಸ್ತೀನಿ, ಓಣಿ ಹೆಂಗಸ್ರ ಸಹಿ ನೀನು ಹಾಕ್ಸು. ಲೈಟ್ ಬಂದ್ರೆ ನೀನೊಬ್ಳೇ ಅಲ್ಲ, ಪಕ್ಕದ ಮನೆ ಅಜ್ಜಿನೂ ನಡೀತಾಳೆ.

ಅವ್ವಂಗೆ ಮಂಡಿ ನೋವು ಹೆಂಗೈತೆ ಬರಿ. ಇಲ್ಲಿ ನಾಲ್ಕು ಗಂಟೆಗೇ ಕತ್ಲಾಗ್ತೈತೆ, ಆದ್ರೆ ರೋಡೆಲ್ಲಾ ಲೈಟು, ನಾನು ಕೆಲ್ಸ ಮುಗ್ಸಿ ಒಬ್ಳೇ ನಡ್ಕೊಂಡೇ ಮನೆಗೆ ಬರ್ತೀನಿ.

ನಿನ್ನ ತಂಗಿ